ಸ್ಪೀಕರ್ ವೈರ್ ಬದಲಾದರೆ ಕಿವಿಗೆ ಗೊತ್ತಾಗುತ್ತಾ? ಮನೆಯಲ್ಲೇ ಪರೀಕ್ಷೆ ಮಾಡಿ

ಬೆಂಗಳೂರಿನ ಎಸ್‌.ಪಿ. ರಸ್ತೆಯಲ್ಲಿ ಮೀಟರ್ ಲೆಕ್ಕದಲ್ಲಿ ಕತ್ತರಿಸಿಕೊಡುವ ವೈರೂ ಸ್ಪೀಕರಿಗೆ ಆಗುತ್ತದೆ. ಶೋರೂಮಿನಲ್ಲಿ ಸಾವಿರಾರು ರೂಪಾಯಿ ಹೇಳುವ ಕೇಬಲೂ ಅದೇ ಸ್ಪೀಕರಿಗೆ. ಶೋರೂಮಿನವರು ಕೇಬಲ್ ಬದಲಾಯಿಸಿ, "ಈಗ ಕೇಳಿ ಸರ್, ಬೇಸ್ ಎಷ್ಟು ಬಿಗಿ ಬಂತು" ಅನ್ನುತ್ತಾರೆ. ನಮಗೂ ಹಾಗೇ ಕೇಳಿಸುತ್ತದೆ. ಬೆಲೆ ಮೊದಲೇ ಗೊತ್ತಿದ್ದಾಗ ಕೇಳಿಸದೇ ಇರುತ್ತಾ?

ಈ ಜಗಳ ಹಳೆಯದು. 1983ರಲ್ಲಿ ಅಮೆರಿಕದ ಸ್ಟೀರಿಯೊ ರಿವ್ಯೂ ಪತ್ರಿಕೆ, ಯಾವ ಕೇಬಲ್ ಎಂದು ಹೇಳದೆ ಜನರಿಗೆ ಕೇಳಿಸಿತು. ತೀರಾ ಸಣ್ಣ ವೈರು ಸಿಕ್ಕಿಬಿತ್ತು. ಆದರೆ ದಪ್ಪನೆಯ ಸಾದಾ ವೈರಿಗೂ ದುಬಾರಿ ಕೇಬಲಿಗೂ ಸಂಗೀತದಲ್ಲಿ ಫರಕು ಹೇಳಲು ಆಗಲಿಲ್ಲ. 2007ರಲ್ಲಿ ಅಮೆರಿಕದ ಜಾದೂಗಾರ ಜೇಮ್ಸ್ ರ‍್ಯಾಂಡಿ ಇಂಥದೇ ಪಂದ್ಯಕ್ಕೆ 10 ಲಕ್ಷ ಡಾಲರ್ ಇಟ್ಟರು. ಪರೀಕ್ಷೆ ನಡೆಯಲೇ ಇಲ್ಲ. ನಿಮ್ಮ ಮನೆಯಲ್ಲಿ ಒಂದು ಸಂಜೆಯಲ್ಲಿ ಮುಗಿಯುವ ಕೆಲಸ ಇದು.

ಮೊದಲು ವೈರ್ ನೋಡಿಕೊಳ್ಳಿ

ಅಂಗಡಿಯಲ್ಲಿ 14/36, 23/36, 40/36 ಅನ್ನುತ್ತಾರೆ. ಮೊದಲನೆಯದು ಎಳೆಗಳ ಸಂಖ್ಯೆ, ಎರಡನೆಯದು ಎಳೆಯ ಗೇಜ್, ಅಂದರೆ ದಪ್ಪದ ಅಳತೆ. 40/36 ಅಂದರೆ ಸುಮಾರು 1.2 ಚದರ ಮಿಲಿಮೀಟರ್ ತಾಮ್ರ. ಆಂಪ್ಲಿಫೈಯರಿನಿಂದ ಸ್ಪೀಕರಿಗೆ 5 ಮೀಟರ್ ಇದ್ದರೆ ಹೋಗಿ ಬರುವ ದಾರಿ 10 ಮೀಟರ್. ಅಷ್ಟಕ್ಕೆ ಈ ವೈರಿನ ತಡೆ ಸುಮಾರು 0.15 ಓಮ್. 8 ಓಮ್ ಸ್ಪೀಕರಿನಲ್ಲಿ ಸದ್ದು 0.16 ಡೆಸಿಬಲ್ ತಗ್ಗುತ್ತದೆ. ಅದೇ ದೂರಕ್ಕೆ 14/36 ಎಳೆದು, 4 ಓಮ್ ಸ್ಪೀಕರ್ ಹಾಕಿದರೆ 0.9 ಡೆಸಿಬಲ್ ಹತ್ತಿರ ಹೋಗುತ್ತದೆ. ಸ್ಪೀಕರಿನ ಓಮ್ ಎಲ್ಲ ಸ್ವರಕ್ಕೂ ಒಂದೇ ಅಲ್ಲ, ಹಾಗಾಗಿ ಈ ನಷ್ಟವೂ ಒಂದೊಂದು ಸ್ವರದಲ್ಲಿ ಒಂದೊಂದು ಥರ. ಇದನ್ನು ಕಿವಿ ಹಿಡಿಯಬಹುದು. "ವೈರಿನಿಂದ ಏನೂ ಆಗಲ್ಲ" ಅನ್ನುವವರ ಮಾತನ್ನೂ ನಾನು ಪೂರ್ತಿ ಒಪ್ಪುವುದಿಲ್ಲ.

ಇನ್ನೊಂದು ಮೋಸ ಇದೆ. ಒಳಗೆ ಅಲ್ಯೂಮಿನಿಯಂ, ಮೇಲೆ ತಾಮ್ರದ ಲೇಪ. ನೋಡಲು ಥೇಟ್ ತಾಮ್ರವೇ. ಒಂದು ಎಳೆಯನ್ನು ಬ್ಲೇಡಿನಿಂದ ಕೆರೆಯಿರಿ. ಒಳಗೆ ಬಿಳಿ ಕಂಡರೆ ಅದರ ತಡೆ ಅಷ್ಟೇ ದಪ್ಪದ ತಾಮ್ರಕ್ಕಿಂತ ಒಂದೂವರೆ ಪಟ್ಟು. ಅದನ್ನು ತಾಮ್ರದ ಬೆಲೆಗೆ ತರಬೇಡಿ.

ಸ್ವಿಚ್ ಕಟ್ಟುವುದು

ಕೈಯಲ್ಲಿ ವೈರ್ ಬಿಚ್ಚಿ ಕಟ್ಟುವ ಹೊತ್ತಿಗೆ ಹಿಂದಿನ ಸದ್ದು ಮರೆತುಹೋಗಿರುತ್ತದೆ. ಸಣ್ಣ ಫರಕನ್ನು ಕಿವಿ ನೆನಪಿಟ್ಟುಕೊಳ್ಳುವುದು ಕೆಲವೇ ಸೆಕೆಂಡು. ಅದಕ್ಕೇ ಆರು ಕಾಲಿನ ಟಾಗಲ್ ಸ್ವಿಚ್ ಬೇಕು. ಅಂಗಡಿಯಲ್ಲಿ ಡಿಪಿಡಿಟಿ ಅಂತ ಕೇಳಿ. ಒಂದೇ ಸ್ಪೀಕರ್ ಸಾಕು.

ಆಂಪ್ಲಿಫೈಯರ್ ಆಫ್ ಮಾಡಿ. ಎರಡೂ ಕೇಬಲಿನ ಒಂದು ತುದಿಯನ್ನು ಆಂಪ್ಲಿಫೈಯರಿನ ಒಂದೇ ಜೋಡಿ ಟರ್ಮಿನಲ್ಲಿಗೆ ಕಟ್ಟಿ. ಇನ್ನೊಂದು ತುದಿ ಸ್ವಿಚ್ಚಿಗೆ: ಒಂದು ಕೇಬಲ್ ಮೇಲಿನ ಎರಡು ಕಾಲಿಗೆ, ಇನ್ನೊಂದು ಕೆಳಗಿನ ಎರಡಕ್ಕೆ. ನಡುವಿನ ಎರಡು ಕಾಲಿನಿಂದ ಗಿಡ್ಡ ವೈರಿನಲ್ಲಿ ಸ್ಪೀಕರಿಗೆ. ಪ್ಲಸ್, ಮೈನಸ್ ಅದಲು ಬದಲು ಆಗಬಾರದು. ಬಿಡಿ ಎಳೆಯೊಂದು ಪಕ್ಕದ ಕಾಲಿಗೆ ತಾಗಿದರೂ ಆಂಪ್ಲಿಫೈಯರ್ ಸುಟ್ಟೀತು, ಬೆಸುಗೆ ಹಾಕಿ ಟೇಪ್ ಸುತ್ತಿ. ನಿಮ್ಮದು ವಾಲ್ವ್ ಆಂಪ್ಲಿಫೈಯರ್ ಆದರೆ ಈ ಸ್ವಿಚ್ ಬೇಡವೇ ಬೇಡ. ಸ್ಪೀಕರಿನ ಸಂಪರ್ಕ ಕ್ಷಣ ತಪ್ಪಿದರೂ ಅದಕ್ಕೆ ಒಳ್ಳೆಯದಲ್ಲ.

ಸದ್ದು ಸಮ ಇದೆಯಾ?

ಹೆಚ್ಚಿನವರು ಬಿಟ್ಟುಬಿಡುವ ಹೆಜ್ಜೆ ಇದು. ಸ್ವಲ್ಪವೇ ಜೋರಾದರೂ ನಮ್ಮ ಕಿವಿಗೆ ಅದು "ಜೋರು" ಅಂತ ಅನ್ನಿಸುವುದಿಲ್ಲ, "ಚೆನ್ನಾಗಿದೆ" ಅಂತ ಅನ್ನಿಸುತ್ತದೆ. ಎರಡೂ ಕಡೆ ಸದ್ದು 0.1 ಡೆಸಿಬಲ್ ಒಳಗೆ ಸಮ ಇರಬೇಕು. ಅಂದರೆ ವೋಲ್ಟೇಜಿನಲ್ಲಿ ಸುಮಾರು ಶೇ 1.

ಫೋನಿನ ಟೋನ್ ಆ್ಯಪಿನಿಂದ 100 ಹರ್ಟ್ಜ್ ಸದ್ದು ಹಾಕಿ. ಮಲ್ಟಿಮೀಟರನ್ನು ಎಸಿ ವೋಲ್ಟಿಗೆ ಇಟ್ಟು ಸ್ಪೀಕರಿನ ಟರ್ಮಿನಲ್ಲಿನಲ್ಲಿ ಹಿಡಿಯಿರಿ. ಒಂದು ಕೇಬಲಿನಲ್ಲಿ 2.00 ವೋಲ್ಟ್ ಬಂದರೆ ಇನ್ನೊಂದರಲ್ಲಿ 1.98ರಿಂದ 2.02ರೊಳಗೆ ಇರಲಿ. ಹಳದಿ ಬಣ್ಣದ ಅಗ್ಗದ ಮೀಟರುಗಳಲ್ಲಿ ಎಸಿ ಶುರುವಾಗುವುದೇ 200 ವೋಲ್ಟಿನಿಂದ. ಅದು ಸಾಲದು, ಪರಿಚಯದ ಎಲೆಕ್ಟ್ರಿಷಿಯನ್ ಹತ್ತಿರ ಒಳ್ಳೆಯದನ್ನು ಕೇಳಿ ತನ್ನಿ. ಫರಕು ಜಾಸ್ತಿ ಬಂದರೆ ಕಾರಣ ಅಲ್ಲೇ ಸಿಕ್ಕಿತು: ಒಂದು ವೈರ್ ಸಣ್ಣದು, ಇಲ್ಲವೇ ಜೋಡಣೆ ಸಡಿಲ. ಅದನ್ನು ಸರಿ ಮಾಡಿ ಮುಂದೆ ಹೋಗಿ.

ಕೇಳುವುದು

ರಾತ್ರಿ ಊಟ ಆದ ಮೇಲೆ ಕೂರಿ. ಕುಕ್ಕರ್ ಸೀಟಿ ಇರಲ್ಲ, ರಸ್ತೆಯ ಹಾರನ್ನೂ ಕಡಿಮೆ. ಫ್ಯಾನ್ ಆಫ್.

ಸಂಗೀತಕ್ಕಿಂತ ಮೊದಲು ತಂಬೂರಿ ಶ್ರುತಿ ಹಾಕಿ ನೋಡಿ. ಅದೇ ಸದ್ದು ಸುತ್ತಿ ಸುತ್ತಿ ಬರುತ್ತದೆ, ಸ್ವಿಚ್ ತಿರುಗಿಸಿದ ಕ್ಷಣ ನಾದ ಬದಲಾದರೆ ಗೊತ್ತಾಗುತ್ತದೆ. ಆಮೇಲೆ ಮೃದಂಗ, ಆಮೇಲೆ ನಿಮಗೆ ಬಾಯಿಪಾಠ ಇರುವ ಹಾಡು.

ಒಂದು ಕೇಬಲಿಗೆ ಅ, ಇನ್ನೊಂದಕ್ಕೆ ಆ ಅಂತ ಹೆಸರಿಡಿ. ಸ್ವಿಚ್ ಹಿಡಿಯುವವರು ಪರದೆಯ ಹಿಂದೆ ಇರಲಿ. ಅವರು ಮೊದಲೇ 16 ಸಲ ನಾಣ್ಯ ಚಿಮ್ಮಿ ಪಟ್ಟಿ ಬರೆದಿಟ್ಟುಕೊಳ್ಳಬೇಕು. ತಲೆಯಿಂದ ಬರೆದರೆ ಅ, ಆ, ಅ, ಆ ಅಂತ ಅದಲು ಬದಲು ಜಾಸ್ತಿ ಆಗುತ್ತದೆ. ನೀವು ಕೂತಲ್ಲಿಂದ "ಪುಟ್ಟ, ಅ ಹಾಕು", "ಆ ಹಾಕು", "ಈಗ ಗುಟ್ಟಿನದು ಹಾಕು" ಅಂತ ಎಷ್ಟು ಸಲ ಬೇಕಾದರೂ ಕೇಳಬಹುದು. ಗುಟ್ಟಿನದು ಅಂದರೆ ಆ ಸುತ್ತಿಗೆ ಪಟ್ಟಿಯಲ್ಲಿ ಬರೆದಿರುವ ಕೇಬಲ್. ಗುಟ್ಟಿನದು ಯಾವುದು ಅಂತ ಬರೆದು ಮುಂದಿನ ಸುತ್ತಿಗೆ ಹೋಗಿ. 1950ರಲ್ಲಿ ಬೆಲ್ ಲ್ಯಾಬ್ಸಿನವರು ವಿವರಿಸಿದ ವಿಧಾನಕ್ಕೆ ಹತ್ತಿರದ್ದು ಇದು. ಪುಟ್ಟ ಮಾತಾಡಬಾರದು, ನಗಲೂ ಬಾರದು. ಸ್ವಿಚ್ಚಿನ ಟಕ್ ಸದ್ದು ಸುಳಿವು ಕೊಡದಂತೆ ಪ್ರತಿ ಸಲವೂ ಎರಡು ಮೂರು ಬಾರಿ ತಿರುಗಿಸಿ ನಿಲ್ಲಿಸಲಿ. 16 ಮುಗಿಯುವವರೆಗೆ ಉತ್ತರ ತೋರಿಸುವ ಹಾಗಿಲ್ಲ.

ಅಂಕ ಎಣಿಸುವಾಗ

ಸುಮ್ನೆ ಊಹಿಸಿದವರಿಗೂ 8ರ ಹತ್ತಿರ ಸರಿ ಬರುತ್ತದೆ. 12 ಅಥವಾ ಹೆಚ್ಚು ಬರುವ ಸಾಧ್ಯತೆ ನೂರಕ್ಕೆ 4ಕ್ಕಿಂತ ಕಡಿಮೆ. ಹಾಗಾಗಿ 12 ಬಂದರೆ ಏನೋ ಇದೆ ಅನ್ನಬಹುದು. 10, 11 ಬಂದರೆ "ಇನ್ನೆರಡು ಸುತ್ತು ಆಡೋಣ" ಅನ್ನಬೇಡಿ. ನಾಳೆ ಹೊಸದಾಗಿ ಪೂರ್ತಿ 16 ಆಡಿ.

ಹಬ್ಬಕ್ಕೆ ಬಂದ ಹತ್ತು ಜನ ನೆಂಟರನ್ನೂ ಕೂರಿಸಿದರೆ ಲೆಕ್ಕ ಬದಲಾಗುತ್ತದೆ. ಎಲ್ಲರೂ ಊಹೆಯ ಮೇಲೆ ಬರೆದರೂ ಯಾರಾದರೂ ಒಬ್ಬರಿಗೆ 12 ಅಥವಾ ಹೆಚ್ಚು ಬೀಳುವ ಸಾಧ್ಯತೆ ಮೂರಕ್ಕೆ ಒಂದರ ಹತ್ತಿರ. ಮಾವನ ಕಿವಿ ಚುರುಕು ಅಂತ ಆಗಲೇ ಹೊಗಳಬೇಡಿ, ಇನ್ನೊಮ್ಮೆ ಕೂರಿಸಿ. ಮತ್ತೆ 12 ಅಥವಾ ಹೆಚ್ಚು ಬಂದರೆ ಮೊದಲು ಮೀಟರ್ ಹಿಡಿದು ವೋಲ್ಟೇಜ್ ನೋಡಿ, ಆಮೇಲೆ ಸ್ವಿಚ್ಚಿನ ಬೆಸುಗೆ. ಎರಡೂ ಸರಿ ಇದ್ದು ಇನ್ನೂ ಗುರುತಿಸುತ್ತಿದ್ದರೆ, ನಿಮ್ಮ ಮನೆಯಲ್ಲಿ, ಆ ಎರಡು ಕೇಬಲಿನ ನಡುವೆ ಮಾವನಿಗೆ ಫರಕು ಕೇಳಿಸುತ್ತಿದೆ ಅಂತಲೇ ಅರ್ಥ.

ಎಚ್‌ಡಿಎಂಐ, ಆಪ್ಟಿಕಲ್ ಕೇಬಲಿಗೆ ಇಷ್ಟೆಲ್ಲ ಬೇಡ. ಅವು ಕೆಟ್ಟರೆ ಸದ್ದು ಕಡಿದು ಕಡಿದು ಬರುತ್ತದೆ, ಇಲ್ಲವೇ ನಿಂತೇ ಹೋಗುತ್ತದೆ. ಆರ್‌ಸಿಎ (ಕೆಂಪು, ಬಿಳಿ ಪಿನ್ನಿನ) ಕೇಬಲಿನಲ್ಲಿ ಗುಂಯ್ ಅನ್ನುವ ಸದ್ದು ಬಂದರೆ ಡಿಶ್ ಅಥವಾ ಕೇಬಲ್ ಟಿವಿಯ ವೈರನ್ನು ಒಮ್ಮೆ ಬಿಚ್ಚಿ ನೋಡಿ. ಸದ್ದು ನಿಂತರೆ ತೊಂದರೆ ಅರ್ತಿಂಗಿನದು. ಟಿವಿ, ಸೆಟ್ ಟಾಪ್ ಬಾಕ್ಸ್, ಆಂಪ್ಲಿಫೈಯರ್ ಮೂರನ್ನೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ಹಾಕಿ ನೋಡಿ. ಅಷ್ಟಕ್ಕೂ ಹೋಗದಿದ್ದರೆ ಎಲೆಕ್ಟ್ರಿಷಿಯನ್ ಕರೆಸಿ, ಕೇಬಲ್ ಅಂಗಡಿಗೆ ಹೋಗಬೇಡಿ.