ಹಡಗಿನಿಂದ ನಾರ್ದರ್ನ್ ಲೈಟ್ಸ್ ನೋಡುವುದು ಹೇಗೆ?

ಮುಂಬೈ ಕನ್ನಡಿಗರಲ್ಲಿ ಈಗ ನಾರ್ವೆ ಪ್ರವಾಸದ ಮಾತು ಜಾಸ್ತಿಯಾಗಿದೆ. ದೂರದ ಉತ್ತರದಲ್ಲಿ ರಾತ್ರಿ ಆಕಾಶದಲ್ಲಿ ಕುಣಿಯುವ ಬಣ್ಣದ ಬೆಳಕು, ಅಂದರೆ ನಾರ್ದರ್ನ್ ಲೈಟ್ಸ್, ನೋಡುವ ಆಸೆ ಅದು. ಲಕ್ಷಗಟ್ಟಲೆ ಖರ್ಚು ಮಾಡಿ ಹೋದ ಕೆಲವರು ಏನೂ ಕಾಣದೆ ವಾಪಸ್ ಬರುತ್ತಾರೆ. ಮೋಡ ಅಡ್ಡ ಬಂದರೆ ಯಾರೂ ಏನೂ ಮಾಡುವಂತಿಲ್ಲ. ಆದರೆ ಆಕಾಶ ತಿಳಿಯಾಗಿದ್ದ ರಾತ್ರಿಯೂ ಕ್ಯಾಬಿನ್‌ನಲ್ಲಿ ಮಲಗಿದ್ದವರಿದ್ದಾರೆ. ಐದೇ ನಿಮಿಷಕ್ಕೆ ಚಳಿ ತಡೆಯದೆ ಡೆಕ್‌ನಿಂದ ಒಳಗೆ ಓಡಿದವರಿದ್ದಾರೆ. ಅಂಥವರನ್ನು ನೋಡಿದರೆ ಸಂಕಟವಾಗುತ್ತದೆ. ಈ ಬರಹ ಅದಕ್ಕಾಗಿ.

ತಿಂಗಳು ಮತ್ತು ಹಡಗು

ಮಕ್ಕಳ ಮೇ ರಜೆಗೆ ಬುಕ್ ಮಾಡಲೇಬೇಡಿ. ಮೇ ಕೊನೆಯಿಂದ ಜುಲೈವರೆಗೆ ಉತ್ತರ ನಾರ್ವೆಯಲ್ಲಿ ಸೂರ್ಯ ಮುಳುಗುವುದೇ ಇಲ್ಲ. ಕತ್ತಲಿಲ್ಲದೆ ಈ ಬೆಳಕು ಕಾಣುವುದಿಲ್ಲ. ಸೆಪ್ಟೆಂಬರ್ ಕೊನೆಯಿಂದ ಮಾರ್ಚ್ ಕೊನೆವರೆಗೆ ಯಾವಾಗಲಾದರೂ ಹೋಗಬಹುದು. ನನ್ನನ್ನು ಕೇಳಿದರೆ ಫೆಬ್ರವರಿ ಕೊನೆ, ಮಾರ್ಚ್ ಮೊದಲು. ಆಗ ಹಗಲೂ ಸಾಕಷ್ಟು ಇರುತ್ತದೆ, ಹಿಮದ ಬೆಟ್ಟಗಳ ಕರಾವಳಿಯನ್ನೂ ನೋಡಬಹುದು.

ನಾರ್ವೆಯ ಕರಾವಳಿಯಲ್ಲಿ ದಕ್ಷಿಣದ ಬರ್ಗೆನ್‌ನಿಂದ ಉತ್ತರದ ತುದಿಯ ಕಿರ್ಕೆನೆಸ್‌ವರೆಗಿನ ಹಡಗುಗಳು ಈ ಕೆಲಸಕ್ಕೆ ಸರಿ. 1893ರಲ್ಲಿ ಶುರುವಾದ ಮಾರ್ಗ ಇದು. 34 ಬಂದರುಗಳಲ್ಲಿ ನಿಂತು ಸಾಗುತ್ತದೆ. ಹುರ್ಟಿಗ್ರುಟೆನ್ ಮತ್ತು ಹಾವಿಲಾ ಎಂಬ ಎರಡು ಕಂಪನಿಗಳು ಇಲ್ಲಿ ಹಡಗು ಓಡಿಸುತ್ತವೆ. ಹೋಗಿ ಬರುವ ಪೂರ್ತಿ ಸುತ್ತು 12 ದಿನ. ಅದನ್ನೇ ತೆಗೆದುಕೊಳ್ಳಿ. ಆರ್ಕ್ಟಿಕ್ ವೃತ್ತ, ಅಂದರೆ 66 ಡಿಗ್ರಿ 33 ನಿಮಿಷ ಉತ್ತರ ಅಕ್ಷಾಂಶದ ಗೆರೆ, ದಾಟುವುದು ನಾಲ್ಕನೇ ದಿನ. ಅದರಾಚೆ ಹೆಚ್ಚು ರಾತ್ರಿ ಕಳೆದಷ್ಟೂ ಒಳ್ಳೆಯದು. ಕಾಣದಿದ್ದರೆ ಇನ್ನೊಂದು ಯಾನ ಉಚಿತ ಎನ್ನುವ ಭರವಸೆಯೂ ಸಿಗುತ್ತದೆ. ಷರತ್ತುಗಳನ್ನು ಓದಿಕೊಳ್ಳಿ, ವಿಮಾನದ ಖರ್ಚು ನಿಮ್ಮದೇ ಆಗಿರುತ್ತದೆ.

ಕಿಟಕಿಯಿರುವ ಕ್ಯಾಬಿನ್‌ಗೆ ಹಣ ಸುರಿಯಬೇಡಿ. ಗಾಜಿನ ಹಿಂದೆ ಕೂತು ನೋಡುವ ನೋಟವಲ್ಲ ಇದು. ಕೆಳಗಿನ ಅಂತಸ್ತಿನಲ್ಲಿ, ಹಡಗಿನ ನಡುಭಾಗದ ಕ್ಯಾಬಿನ್ ಕೇಳಿ. ಅಲ್ಲಿ ಓಲಾಟ ಕಡಿಮೆ. ವೆಸ್ಟ್‌ಫಿಯೋರ್ಡ್‌ನಂಥ ತೆರೆದ ಸಮುದ್ರದಲ್ಲಿ ಇದರ ಬೆಲೆ ಗೊತ್ತಾಗುತ್ತದೆ. ವಾಂತಿ ತಡೆಯುವ ಮಾತ್ರೆ ಯಾವುದು, ಎಷ್ಟು ಎಂದು ಇಲ್ಲಿಯ ಡಾಕ್ಟರನ್ನೇ ಕೇಳಿಕೊಂಡು ಹೊರಡಿ.

ನಾರ್ವೆಗೆ ಬೇಕಾದ ಷೆಂಗನ್ ವೀಸಾಕ್ಕೆ ಆರು ತಿಂಗಳು ಮೊದಲೇ ಅರ್ಜಿ ಹಾಕಬಹುದು, 30,000 ಯೂರೊ ರಕ್ಷಣೆಯ ವಿಮೆ ಕಡ್ಡಾಯ. ಹಡಗು ಹೊರಡುವ ಹಿಂದಿನ ದಿನವೇ ಬರ್ಗೆನ್ ಸೇರಿಕೊಳ್ಳಿ. ಚಟ್ನಿಪುಡಿ, ಅವಲಕ್ಕಿ ಒಯ್ಯಿರಿ. ತುಪ್ಪ, ಪೇಡೆ ಬೇಡ. ಯುರೋಪಿನ ಹೊರಗಿನಿಂದ ಹಾಲಿನ ಪದಾರ್ಥ ತರುವುದನ್ನು ನಾರ್ವೆ ನಿಷೇಧಿಸಿದೆ.

ಬಟ್ಟೆ

ಎಲ್ಲರೂ ಎಡವುವುದು ಇಲ್ಲಿಂದ. ಉತ್ತರ ನಾರ್ವೆಯ ಟ್ರೊಮ್ಸೊ ಊರಲ್ಲಿ -5 ಡಿಗ್ರಿ ಎಂದು ಓದಿ, ಮನಾಲಿಗೆ ಕೊಂಡ ಜಾಕೆಟ್ ಸಾಕು ಅಂದುಕೊಳ್ಳುತ್ತಾರೆ. ಹಡಗು ಗಂಟೆಗೆ 28 ಕಿ.ಮೀ. ವೇಗದಲ್ಲಿ ಹೋಗುವಾಗ ಆ -5, ಗಾಳಿಗೆ ಸಿಕ್ಕಿ -13ರ ಹಾಗೆ ಮೈಗೆ ತಾಗುತ್ತದೆ. ಎದುರುಗಾಳಿ ಇದ್ದರೆ ಇನ್ನೂ ಜಾಸ್ತಿ.

ಮೂರು ಪದರ ಬೇಕು. ಮೈಗೆ ತಾಗುವ ಪದರ ಮೆರಿನೊ ಉಣ್ಣೆಯದು. ಹತ್ತಿ ಬನಿಯನ್ ಮನೆಯಲ್ಲೇ ಬಿಡಿ. ಬೆವರಿಗೆ ಒದ್ದೆಯಾದರೆ ಅದು ಒಣಗುವುದಿಲ್ಲ, ಚಳಿಯನ್ನು ಇನ್ನಷ್ಟು ಎಳೆಯುತ್ತದೆ. ಥರ್ಮಲ್ ಅಂತ ಅಗ್ಗಕ್ಕೆ ಮಾರುವ ಎಷ್ಟೋ ಸೆಟ್‌ಗಳಲ್ಲಿ ಹತ್ತಿಯೇ ಹೆಚ್ಚು, ಲೇಬಲ್ ನೋಡಿ ಕೊಳ್ಳಿ. ನಡುವೆ ದಪ್ಪ ಫ್ಲೀಸ್ ಅಥವಾ ಸ್ವೆಟರ್. ಹೊರಗೆ ಗಾಳಿ ನುಗ್ಗದ, ಸೊಂಟದ ಕೆಳಗೂ ಮುಚ್ಚುವ ಜಾಕೆಟ್. ಪ್ಯಾಂಟಿಗೂ ಇದೇ ನಿಯಮ, ಜೀನ್ಸ್ ಬೇಡವೇ ಬೇಡ. ಕೈಗೆ ತೆಳು ಗ್ಲೌಸ್, ಅದರ ಮೇಲೆ ಬೆರಳು ಒಟ್ಟಿಗಿರುವ ದಪ್ಪ ಮಿಟನ್. ಎರಡೆರಡು ಸಾಕ್ಸ್ ತುರುಕಿ ಬೂಟು ಬಿಗಿ ಮಾಡಬೇಡಿ. ರಕ್ತ ಓಡದೆ ಬೆರಳು ಮರಗಟ್ಟುತ್ತವೆ. ಒಂದು ನಂಬರ್ ದೊಡ್ಡ ಬೂಟು, ಒಂದೇ ಉಣ್ಣೆ ಸಾಕ್ಸ್.

ಡೆಕ್ ಮೇಲೆ

ಕ್ಯಾಬಿನ್‌ನ ಸ್ಪೀಕರ್‌ನಲ್ಲಿ ರಾತ್ರಿ ಘೋಷಣೆ ಕೇಳುವ ವ್ಯವಸ್ಥೆ ಹೇಗೆ ಎಂದು ಮೊದಲ ದಿನವೇ ರಿಸೆಪ್ಷನ್‌ನಲ್ಲಿ ಕೇಳಿ, ಆನ್ ಮಾಡಿಡಿ. ನಿದ್ದೆ ಕೆಡುತ್ತದೆ ಎಂದು ಆಫ್ ಮಾಡಿದವರು ಬೆಳಗ್ಗೆ ತಿಂಡಿಯ ಹೊತ್ತಿಗೆ ಸುದ್ದಿ ಕೇಳುತ್ತಾರೆ. ಆದರೂ ಘೋಷಣೆಗೆ ಕಾಯಬೇಡಿ. ಊಟವಾದ ಮೇಲೆ ಅರ್ಧ ಗಂಟೆಗೊಮ್ಮೆ ನೀವೇ ಹೊರಗೆ ಹೋಗಿ ನೋಡಿ. ಬಟ್ಟೆಗಳನ್ನು ಹಾಕಿಕೊಳ್ಳುವ ಕ್ರಮದಲ್ಲೇ ಮಂಚದ ಮೇಲೆ ಜೋಡಿಸಿಡಿ. ನೀವು ಬೂಟಿನ ಲೇಸ್ ಹುಡುಕುವಷ್ಟರಲ್ಲಿ ಬೆಳಕು ಕುಣಿದು ಮುಗಿಸಿರುತ್ತದೆ.

ದೀಪಗಳಿಲ್ಲದ ಬದಿ ಹಿಡಿಯಿರಿ. ಕಣ್ಣು ಕತ್ತಲಿಗೆ ಹೊಂದಲು 20 ನಿಮಿಷವಾದರೂ ಬೇಕು. ಮೊಬೈಲ್ ಒಮ್ಮೆ ತೆರೆದರೆ ಮತ್ತೆ ಮೊದಲಿನಿಂದ ಶುರು. ಬರೀ ಉತ್ತರ ದಿಕ್ಕಿಗೆ ನೋಡುತ್ತಾ ನಿಲ್ಲಬೇಡಿ. ಟ್ರೊಮ್ಸೊ ಇರುವುದು ಈ ಬೆಳಕಿನ ಪಟ್ಟಿಯ ಕೆಳಗೇ, ಹಾಗಾಗಿ ಅದು ನೆತ್ತಿಯ ಮೇಲೂ ಬರಬಹುದು, ದಕ್ಷಿಣಕ್ಕೂ ಕಾಣಬಹುದು.

ಇನ್ನೊಂದು ಮುಖ್ಯ ವಿಷಯ. ಫೋಟೊದ ಕಡು ಹಸಿರನ್ನು ಹುಡುಕಬೇಡಿ. ಶುರುವಿನಲ್ಲಿ ಅದು ಬೂದು ಬಣ್ಣದ ಕಮಾನು, ತೆಳು ಮೋಡದ ಹಾಗೆ. ಮಂದ ಬೆಳಕಿನಲ್ಲಿ ನಮ್ಮ ಕಣ್ಣಿಗೆ ಬಣ್ಣ ಗೊತ್ತಾಗುವುದಿಲ್ಲ. ಮೋಡ ಅಂದುಕೊಂಡು ಒಳಗೆ ಹೋದವರು ಎಷ್ಟೋ ಜನ. ಅನುಮಾನ ಬಂದರೆ ಒಂದು ಫೋಟೊ ತೆಗೆಯಿರಿ. ಹಸಿರು ಬಂದರೆ ಅಲ್ಲೇ ನಿಲ್ಲಿ. ಬೆಳಕು ಜೋರಾದರೆ ಆ ಕಮಾನು ಮುರಿದು ಪರದೆಯಂತೆ ಅಲೆಯುತ್ತದೆ, ಆಗ ಬಣ್ಣ ಕಣ್ಣಿಗೂ ಕಾಣುತ್ತದೆ. 100 ಕಿ.ಮೀ.ಗಿಂತ ಮೇಲೆ ಆಮ್ಲಜನಕ ಹೊಮ್ಮಿಸುವ ಬೆಳಕು ಆ ಹಸಿರು. ಅದಕ್ಕೂ ಬಹಳ ಮೇಲೆ ಅದೇ ಆಮ್ಲಜನಕ ಕೆಂಪು ಬೆಳಕು ಕೊಡುತ್ತದೆ. ಮಂಕಾಯಿತು ಎಂದು ಹೊರಡಬೇಡಿ, ಗಂಟೆ ಎರಡು ಗಂಟೆಯಲ್ಲಿ ಮತ್ತೆ ಏಳಬಹುದು.

ಭೂಮಿಯ ಕಾಂತಕ್ಷೇತ್ರ ಎಷ್ಟು ಕಲಕಿದೆ ಎಂದು 0ಯಿಂದ 9ರವರೆಗೆ ಹೇಳುವ ಅಂಕಿ ಕೆಪಿ. ಆ್ಯಪ್‌ಗಳಲ್ಲಿ ಅದು ಕಡಿಮೆ ಎಂದು ಮಲಗುವುದೂ ತಪ್ಪು. ಅಷ್ಟು ಉತ್ತರದಲ್ಲಿ ಕೆಪಿ 2 ಇದ್ದರೂ ಸಾಕು. ನೋಡಬೇಕಾದ್ದು ಮೋಡದ ಮುನ್ಸೂಚನೆ.

ಫೋಟೊ

ಅಲುಗುವ ಹಡಗಿನಲ್ಲಿ ಟ್ರೈಪಾಡ್ ಹೆಚ್ಚು ಪ್ರಯೋಜನಕ್ಕೆ ಬರುವುದಿಲ್ಲ. ಕ್ಯಾಮೆರಾದಲ್ಲಿ ಐಎಸ್ಒ (ಬೆಳಕಿನ ಸೂಕ್ಷ್ಮತೆ) 3200, ಶಟರ್ ಎರಡು ಸೆಕೆಂಡ್ ಇಟ್ಟು, ಅಪರ್ಚರ್ (ಲೆನ್ಸ್‌ನ ಕಿಂಡಿ) ಪೂರ್ತಿ ತೆರೆದು, ಫೋಕಸ್ ಅನ್ನು ನಕ್ಷತ್ರದ ಮೇಲೆ ಕೈಯಿಂದಲೇ ಹೊಂದಿಸಿ. ಫ್ಲ್ಯಾಷ್ ಖಂಡಿತ ಬೇಡ, ಡೆಕ್‌ನಲ್ಲಿರುವ ಎಲ್ಲರ ಕಣ್ಣೂ ಕೆಡುತ್ತದೆ. ಚಳಿಗೆ ಬ್ಯಾಟರಿ ಬೇಗ ಇಳಿಯುವುದರಿಂದ ಇನ್ನೊಂದನ್ನು ಒಳಜೇಬಿನಲ್ಲಿಡಿ. ಒಳಗೆ ಬರುವ ಮುಂಚೆ, ಇನ್ನೂ ಡೆಕ್‌ನಲ್ಲಿರುವಾಗಲೇ, ಕ್ಯಾಮೆರಾವನ್ನು ಜಿಪ್ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಮುಚ್ಚಿ. ಇಲ್ಲದಿದ್ದರೆ ಲೆನ್ಸ್ ಮೇಲೆ ನೀರು ಕಟ್ಟುತ್ತದೆ. ಎರಡು ಗಂಟೆ ಆ ಚೀಲ ತೆರೆಯಬೇಡಿ. ಫೋಟೊಗಳನ್ನು ಮನೆಗೆ ಕಳಿಸುವ ಆತುರವಿದ್ದರೆ ಮೆಮೊರಿ ಕಾರ್ಡನ್ನು ಹೊರಗಿರುವಾಗಲೇ ತೆಗೆದು ಜೇಬಿಗೆ ಹಾಕಿಕೊಳ್ಳಿ.