ಎಫ್ ಕೀ ಮೊದಲು ಸವೆಯುತ್ತದೆ: ಕಡಿಮೆ ಬೆಲೆಯ ಕೀಬೋರ್ಡಿಗೆ ಹೊಸ ಕ್ಯಾಪ್ ಹಾಕಿದ ನನ್ನ ಅನುಭವ

ನುಡಿ ತಂತ್ರಾಂಶದಲ್ಲಿ ದಿನವಿಡೀ ಕನ್ನಡ ಟೈಪ್ ಮಾಡುವವರ ಕೀಬೋರ್ಡನ್ನು ಒಮ್ಮೆ ನೋಡಿ. ಎಫ್ ಕೀ ಬೇಗ ಸವೆದಿರುತ್ತದೆ. ಒತ್ತಕ್ಷರ ಬಂದಾಗಲೆಲ್ಲ ಅದನ್ನು ಒತ್ತಲೇಬೇಕು. ‘ರಾಷ್ಟ್ರ’ ಅಂತ ಬರೆಯಲು ಆರ್, ಶಿಫ್ಟ್ ಹಿಡಿದು ಎ, ಆಮೇಲೆ ಎಕ್ಸ್, ಎಫ್, ಕ್ಯೂ, ಎಫ್, ಆರ್. ಒಂದೇ ಪದಕ್ಕೆ ಎರಡು ಎಫ್. ಶಿಫ್ಟ್‌ಗೂ ಕೆಲಸ ಜಾಸ್ತಿ. ದೀರ್ಘಕ್ಕೆ ಶಿಫ್ಟ್, ಮಹಾಪ್ರಾಣಕ್ಕೆ ಶಿಫ್ಟ್, ಣ, ಳ, ಶ ಬೇಕಾದರೂ ಶಿಫ್ಟ್. ಇಂಗ್ಲಿಷ್ ಟೈಪ್ ಮಾಡುವವರು ಹೇಳುವ ಕೀಬೋರ್ಡ್ ಸಲಹೆಗಳಲ್ಲಿ ಈ ಎರಡು ಕೀಗಳ ಮಾತೇ ಬರುವುದಿಲ್ಲ. ನಮಗೆ ಬೇಕಾದದ್ದು ಅದೇ ಅಲ್ವಾ?

ನನ್ನದು ಶಿವಮೊಗ್ಗದ ದುರ್ಗಿಗುಡಿಯಲ್ಲಿ ಡಿಟಿಪಿ ಕೆಲಸ. ಲಗ್ನಪತ್ರಿಕೆ, ಅರ್ಜಿ, ಸಂಘಗಳ ವಾರ್ಷಿಕ ವರದಿ, ಕೆಲವೊಮ್ಮೆ ಇಡೀ ಸ್ಮರಣ ಸಂಚಿಕೆ. ಕೀಬೋರ್ಡ್ ಎರಡು ಸಾವಿರದ ಆಸುಪಾಸಿನದು. 87 ಕೀ, ಪ್ರತಿ ಕೀಯ ಕೆಳಗೂ ಟಕ್ ಟಕ್ ಅನ್ನುವ ಬ್ಲೂ ಸ್ವಿಚ್. ಸ್ವಿಚ್‌ಗಳ ಬಗ್ಗೆ ನನಗೆ ಯಾವ ತಕರಾರೂ ಇಲ್ಲ. ಆ ಬೆಲೆಯ ಬೋರ್ಡುಗಳಲ್ಲಿ ದುಡ್ಡು ಉಳಿಸುವುದು ಕ್ಯಾಪ್‌ನಲ್ಲಿ, ಅಂದರೆ ಬೆರಳು ತಾಗುವ ಮೇಲಿನ ಮುಚ್ಚಳದಲ್ಲಿ. ಬೆಳಕು ಹಾಯುವ ತೆಳು ಎಬಿಎಸ್ ಪ್ಲಾಸ್ಟಿಕ್, ಮೇಲೆ ಕಪ್ಪು ಬಣ್ಣ, ಆ ಬಣ್ಣವನ್ನು ಲೇಸರ್‌ನಲ್ಲಿ ಕೆರೆದು ಮೂಡಿಸಿದ ಅಕ್ಷರ. ಬಣ್ಣ ಸವೆದ ಹಾಗೆ ಅಕ್ಷರದ ಅಂಚು ಒಡೆಯುತ್ತದೆ, ಒಳಗಿನ ಬೆಳಕು ಸೋರುತ್ತದೆ. ಎಬಿಎಸ್ ಬೆರಳಿನ ಉಜ್ಜಾಟಕ್ಕೆ ನುಣುಪಾಗುತ್ತದೆ. ಮಳೆಗಾಲದ ಥಂಡಿಯಲ್ಲಿ ಕೈ ಸ್ವಲ್ಪ ಒದ್ದೆ ಇದ್ದರಂತೂ ಎಣ್ಣೆ ಸವರಿದ ಹಾಗೆ ಬೆರಳು ಜಾರುತ್ತದೆ.

ಕೀಬೋರ್ಡನ್ನೇ ಬದಲಿಸುವ ಬದಲು ಕ್ಯಾಪ್ ಬದಲಿಸೋಣ ಅಂದುಕೊಂಡೆ.

ಕೊಳ್ಳುವ ಮೊದಲು ಒಂದು ಕ್ಯಾಪ್ ಎತ್ತಿ ಕೆಳಗೆ ನೋಡಬೇಕು. ಸ್ವಿಚ್‌ನ ಕಡ್ಡಿಯ ತಲೆ ಕೂಡಿಸುವ ಚಿಹ್ನೆಯ ಆಕಾರದಲ್ಲಿದ್ದರೆ ಪೇಟೆಯಲ್ಲಿ ಸಿಗುವ ಹೆಚ್ಚಿನ ಸೆಟ್‌ಗಳು ಕೂರುತ್ತವೆ. ಇದು ಜರ್ಮನಿಯ ಚೆರ್ರಿ ಕಂಪನಿ 1980ರ ದಶಕದಲ್ಲಿ ತಂದ ಎಂಎಕ್ಸ್ ಸ್ವಿಚ್‌ನ ಆಕಾರ. ಈಗ ಔಟೆಮು, ಗೇಟರಾನ್, ಕೈಲ್ ಎಲ್ಲರೂ ಅದನ್ನೇ ಮಾಡುತ್ತಾರೆ. ‘ಮೆಕ್ಯಾನಿಕಲ್ ಫೀಲ್’ ಅಂತ ಡಬ್ಬಿಯ ಮೇಲೆ ಬರೆದಿರುವ ಅಗ್ಗದ ಬೋರ್ಡುಗಳ ಒಳಗೆ ಇರುವುದು ರಬ್ಬರ್ ಹಾಳೆ. ಅವುಗಳಿಗೆ ಎತ್ತಿ ನೋಡದೆ ಸೆಟ್ ತರಿಸಬೇಡಿ.

ಆಮೇಲೆ ಅಳತೆ. ಇಲ್ಲಿ ಸ್ಕೇಲ್ ಹಿಡಿದು ಕೂರುವುದೇ ಒಳ್ಳೆಯದು. ಒಂದು ಮಾಮೂಲಿ ಕೀಯ ನಡುವಿನಿಂದ ಪಕ್ಕದ ಕೀಯ ನಡುವಿಗೆ 19.05 ಮಿ.ಮೀ. ಇದನ್ನೇ ಒಂದು ‘ಯು’ ಅನ್ನುತ್ತಾರೆ. 87 ಕೀ ಬೋರ್ಡಿನಲ್ಲಿ ಸಾಮಾನ್ಯವಾಗಿ ಸ್ಪೇಸ್ 6.25 ಯು, ಕಂಟ್ರೋಲ್ ಆಲ್ಟ್ ಎಲ್ಲ 1.25 ಯು, ಎಡ ಶಿಫ್ಟ್ 2.25 ಯು, ಬಲ ಶಿಫ್ಟ್ 2.75 ಯು. ಕೆಲವು ಅಗ್ಗದ ಬೋರ್ಡುಗಳಲ್ಲಿ ಕೆಳಗಿನ ಸಾಲು ಮಾತ್ರ ಬೇರೆ ಅಳತೆಯಲ್ಲಿರುತ್ತದೆ. ಆಗ ಸ್ಪೇಸ್ ಕೂರುವುದಿಲ್ಲ. 68 ಕೀಯ ಸಣ್ಣ ಬೋರ್ಡಾದರೆ ಬಲ ಶಿಫ್ಟ್ ಸಾಮಾನ್ಯವಾಗಿ 1.75 ಯು. ಆ ಕ್ಯಾಪ್ ಸೆಟ್‌ನಲ್ಲಿ ಇದೆಯೇ ಅಂತ ಫೋಟೋದಲ್ಲಿ ಎಣಿಸಿ ನೋಡಿ. ಎಂಟರ್‌ನಂಥ ಉದ್ದದ ಕೀಯನ್ನೂ ಎತ್ತಿ ನೋಡಿ. ಉದ್ದದ ಕೀ ವಾಲದಂತೆ ಹಿಡಿಯುವ ತಂತಿ ಕೆಲವದರಲ್ಲಿ ನೇರವಾಗಿ ಕ್ಯಾಪ್‌ನ ಒಳಗಿನ ಕೊಂಡಿಗೆ ಸಿಕ್ಕಿಕೊಂಡಿರುತ್ತದೆ. ಅಂಥದ್ದಕ್ಕೆ ಹೊಸ ಕ್ಯಾಪ್ ಹೊಂದಿಸುವುದು ತಲೆನೋವು. ನನ್ನದರಲ್ಲಿ ತಂತಿಯ ಎರಡು ಬದಿಗೂ ಅದೇ ಕೂಡಿಸುವ ಚಿಹ್ನೆಯ ಕಡ್ಡಿ ಇತ್ತು.

ನಾನು ಆರಿಸಿದ್ದು ಪಿಬಿಟಿ ಪ್ಲಾಸ್ಟಿಕ್, ಡೈ ಸಬ್ಲಿಮೇಶನ್ ಅಕ್ಷರ, ಎಕ್ಸ್‌ಡಿಎ ಆಕಾರ. ಪಿಬಿಟಿ ಬೇಗ ನುಣುಪಾಗುವುದಿಲ್ಲ, ಮುಟ್ಟಿದರೆ ಸಣ್ಣ ತರಿ ಸಿಗುತ್ತದೆ. ಡೈ ಸಬ್ಲಿಮೇಶನ್‌ನಲ್ಲಿ ಬಣ್ಣ ಕಾವಿಗೆ ಪ್ಲಾಸ್ಟಿಕ್‌ನ ಒಳಕ್ಕೇ ಇಳಿಯುತ್ತದೆ. ಮೇಲೆ ಕೂತ ಬಣ್ಣ ಅಲ್ಲವಾದ್ದರಿಂದ ಉಗುರಿಗೆ ಏಳುವುದಿಲ್ಲ. ಎರಡು ಪ್ಲಾಸ್ಟಿಕ್ ಸೇರಿಸಿ ಅಚ್ಚು ಹೊಯ್ಯುವ ಡಬಲ್ ಶಾಟ್ ಕೂಡ ಅಷ್ಟೇ ಗಟ್ಟಿ. ನನ್ನ ಸೆಟ್‌ನಲ್ಲಿ ಅಕ್ಷರದ ಮೂಲಕ ಬೆಳಕು ಬರುವುದಿಲ್ಲ. ಕತ್ತಲಲ್ಲಿ ಅಕ್ಷರ ಕಾಣಲೇಬೇಕು ಅನ್ನುವವರಿಗೆ ಬೆಳಕು ಹಾಯುವ ಡಬಲ್ ಶಾಟ್ ಬೇಕಾಗುತ್ತದೆ. ಅಂಗಡಿಯಲ್ಲಿ ಟ್ಯೂಬ್‌ಲೈಟ್ ಇದೆ, ನನಗೆ ಅದರ ಅಗತ್ಯ ಬೀಳಲಿಲ್ಲ.

ಎಕ್ಸ್‌ಡಿಎಯಲ್ಲಿ ಎಲ್ಲ ಸಾಲೂ ಒಂದೇ ಎತ್ತರ, ತಲೆ ಅಗಲ. ಚೆರ್ರಿ ಹೆಸರಿನ ಕ್ಯಾಪ್ ಆಕಾರದಲ್ಲಿ ಸಾಲಿಗೊಂದು ಎತ್ತರ, ಇಳಿಜಾರು ಬೇರೆ. ಎಷ್ಟೋ ಜನ ಅದನ್ನೇ ಮೆಚ್ಚುತ್ತಾರೆ. ಆದರೆ ಕಡಿಮೆ ಬೆಲೆಯ ಬೋರ್ಡುಗಳಲ್ಲಿ ಸ್ವಿಚ್‌ನ ಎಲ್‌ಇಡಿ ಬಹಳ ಸಲ ನಮ್ಮಿಂದ ಆಚೆ ಬದಿಗೆ ಇರುತ್ತದೆ. ಹಾಗಿದ್ದಾಗ ಚೆರ್ರಿ ಕ್ಯಾಪ್‌ನ ಅಂಚು ನಡುವಿನ ಸಾಲಿನಲ್ಲಿ ಸ್ವಿಚ್‌ನ ಮೈಗೆ ತಾಗಬಹುದು. ನನ್ನದರಲ್ಲೂ ಎಲ್‌ಇಡಿ ಆಚೆ ಬದಿಗೇ ಇತ್ತು. ನಡುವಿನ ಸಾಲೆಂದರೆ ಎಫ್ ಇರುವ ಸಾಲು. ಅದಕ್ಕೇ ಎಕ್ಸ್‌ಡಿಎ.

ಬಿಚ್ಚುವುದಕ್ಕೆ ಮೊದಲು ಫೋನ್‌ನಲ್ಲಿ ಒಂದು ಫೋಟೋ. ಕ್ಯಾಪ್ ಎಳೆಯಲು ತಂತಿಯ ಪುಲ್ಲರ್ ತೆಗೆದುಕೊಳ್ಳಿ. ಪ್ಲಾಸ್ಟಿಕ್ ಉಂಗುರದ್ದು ಪಕ್ಕದಲ್ಲಿ ಗೀರು ಮಾಡುತ್ತದೆ. ನೇರ ಮೇಲಕ್ಕೆ ಎಳೆಯಿರಿ. ಸ್ಪೇಸ್ ಮಾತ್ರ ಎರಡೂ ತುದಿಯಿಂದ ಸ್ವಲ್ಪ ಸ್ವಲ್ಪ. ಒಳಗಿನ ಧೂಳನ್ನು ಬ್ರಷ್‌ನಿಂದ ತೆಗೆದೆ. ಹಳೇ ಕ್ಯಾಪ್‌ಗಳನ್ನು ಉಗುರುಬೆಚ್ಚಗಿನ ನೀರಿಗೆ ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ ತೊಳೆದೆ. ಮಲೆನಾಡಿನ ಆಷಾಢದಲ್ಲಿ ಅವು ಒಣಗಲು ತಾಳ್ಮೆ ಬೇಕು. ನೀರು ನಿಲ್ಲುವುದು ಒಳಗಿನ ಕೂಡಿಸುವ ಚಿಹ್ನೆಯ ತೂತಿನಲ್ಲಿ. ಮಗುಚಿ ಬಟ್ಟೆಯ ಮೇಲೆ ಹರಡಿ, ರಾತ್ರಿಯಿಡೀ ಫ್ಯಾನ್ ಹಾಕಿಟ್ಟೆ. ಒಲೆಯ ಹತ್ತಿರ ಇಡಬಾರದು, ಎಬಿಎಸ್ ಸೊಟ್ಟಗಾಗುತ್ತದೆ.

ಕ್ಯಾಪ್ ಇಲ್ಲದಾಗಲೇ ಶಿಫ್ಟ್, ಸ್ಪೇಸ್, ಎಂಟರ್‌ಗಳ ತಂತಿಗೆ ಸಿಲಿಕಾನ್ ಗ್ರೀಸ್ ಹಾಕಿದೆ. ಹಲ್ಲುಕಡ್ಡಿಯ ತುದಿಯಲ್ಲಿ ಹತ್ತುವಷ್ಟು ಸಾಕು. ತಂತಿ ಪ್ಲಾಸ್ಟಿಕ್‌ಗೆ ತಾಗುವ ಜಾಗಕ್ಕೆ ಮಾತ್ರ. ಸ್ವಿಚ್‌ನ ಒಳಕ್ಕೆ ಇಳಿಯಬಾರದು. ಗಾಡಿಗೆ ಹಾಕುವ ಗ್ರೀಸ್ ಬೇಡವೇ ಬೇಡ. ಇಷ್ಟಕ್ಕೇ ಎಡ ಶಿಫ್ಟ್‌ನ ಗಲಗಲ ನಿಂತಿತು. ನನ್ನ ಮಟ್ಟಿಗೆ ಕ್ಯಾಪ್‌ನಷ್ಟೇ ದೊಡ್ಡ ಬದಲಾವಣೆ ಇದು, ಖರ್ಚೂ ಕಡಿಮೆ. ತಂತಿಗೆ ತುಕ್ಕು ಹಿಡಿಯದಿರಲಿ ಅನ್ನುವ ಆಸೆಯೂ ಇದೆ. ಇಲ್ಲಿನ ಮಳೆಗಾಲ ಯಾವ ಕಬ್ಬಿಣವನ್ನೂ ಸುಮ್ನೆ ಬಿಡುವುದಿಲ್ಲ.

ಕನ್ನಡ ಅಕ್ಷರ ಮುದ್ರಿಸಿದ ಸೆಟ್ ನನಗೆ ಬೇಕಾದ ಹಾಗೆ ಸಿಗಲಿಲ್ಲ. ನನಗೆ ಅಕ್ಷರ ನೋಡುವ ಅಗತ್ಯವಿಲ್ಲ. ಆದರೆ ಅಂಗಡಿಗೆ ಕಲಿಯಲು ಬರುವ ಹುಡುಗಿ ಇದ್ದಾಳೆ. ಕೆ ಒತ್ತಿದರೆ ಕ, ಎಂ ಒತ್ತಿದರೆ ಮ ಅನ್ನುವುದು ಅವಳಿಗೆ ತಾನಾಗಿ ಬಂತು. ತಡವರಿಸುವುದು ಕ್ಯೂನಲ್ಲಿ ಟ, ಡಬ್ಲ್ಯೂನಲ್ಲಿ ಡ, ಎಕ್ಸ್‌ನಲ್ಲಿ ಷ, ಎಫ್‌ನಲ್ಲಿ ಒತ್ತು, ಹೀಗೆ ಕೆಲವೇ ಕಡೆ. ಅಷ್ಟಕ್ಕೇ ಗುರುತು ಸಾಕು.

ಗಾಡಿಗಳ ನಂಬರ್ ಪ್ಲೇಟ್ ಮಾಡುವ ರೇಡಿಯಂ ಅಂಗಡಿಗೆ ಹೋದೆ. ‘ಕಟ್ಟಿಂಗೇನೋ ಆಗುತ್ತೆ ಸರ್, ಇಷ್ಟ್ ಸಣ್ಣದನ್ನ ಬಿಡಿಸೋದೇ ಕಷ್ಟ’ ಅಂದರು ಅಲ್ಲಿನವರು. 6 ಮಿ.ಮೀ. ಎತ್ತರ ಇಟ್ಟು, ದಪ್ಪ ಗೆರೆಯ ಫಾಂಟ್ ಹಾಕಿ, ಒಂದೊಂದಕ್ಕೂ ಹಲವು ಪ್ರತಿ ಇರುವ ಫೈಲನ್ನು ನಾನೇ ಮಾಡಿಕೊಟ್ಟೆ. ಬಿಡಿಸುವಾಗ ಕೆಲವು ಹರಿದರೂ ಸಾಕಷ್ಟು ಉಳಿದವು. ಅಂಟಿಸಿದ್ದು ಕ್ಯಾಪ್‌ನ ತಲೆಯ ಮೇಲಲ್ಲ, ನಮ್ಮ ಕಡೆ ಮುಖ ಮಾಡಿರುವ ಇಳಿಜಾರಿನಲ್ಲಿ. ಅಲ್ಲಿ ಬೆರಳು ಉಜ್ಜುವುದಿಲ್ಲ, ಕೂತವರಿಗೆ ಓದಲು ಕಾಣುತ್ತದೆ. ಮೊದಲು ಆ ಜಾಗವನ್ನು ಐಸೊಪ್ರೊಪೈಲ್ ಸ್ಪಿರಿಟ್‌ನಿಂದ ಒರೆಸಬೇಕು, ಇಲ್ಲದಿದ್ದರೆ ಕೈಯ ಜಿಡ್ಡಿಗೆ ಏಳುತ್ತದೆ.

ಸದ್ದು ಈಗ ತಗ್ಗಿನ ದನಿಗೆ ಇಳಿದಿದೆ. ತೆಳು ಕ್ಯಾಪ್‌ನ ಕೀರಲು ಹೋಗಿದೆ. ಬ್ಲೂ ಸ್ವಿಚ್‌ನ ಟಕ್ ಮಾತ್ರ ಹಾಗೇ ಇದೆ, ಅದು ಸ್ವಿಚ್‌ನ ಗುಣ. ಕ್ಯಾಪ್ ಸೆಟ್, ಗ್ರೀಸ್, ರೇಡಿಯಂ ಎಲ್ಲ ಸೇರಿ ಸಾವಿರದ ಚಿಲ್ಲರೆ ಆಯಿತು.

ಇನ್‌ಸ್ಕ್ರಿಪ್ಟ್ ಅನ್ನುವ ಬೇರೆ ಕೀ ವಿನ್ಯಾಸದಲ್ಲಿ ಬರೆಯುವ ಗೆಳೆಯರೊಬ್ಬರು ತಮಗೂ ಹೀಗೇ ಮಾಡಿಕೊಡಿ ಅಂದಿದ್ದಾರೆ. ಅವರಿಗೆ ಕೆಲವೇ ಗುರುತು ಸಾಲುವುದಿಲ್ಲ. ಅದರಲ್ಲಿ ಸ್ವರಗಳು ಎಡಗೈಗೆ, ವ್ಯಂಜನಗಳು ಹೆಚ್ಚಾಗಿ ಬಲಗೈಗೆ. ಒತ್ತು ಇರುವುದು ಡಿ ಕೀಯಲ್ಲಿ, ಕ ಮಾತ್ರ ಕೆಯಲ್ಲೇ. ಹೆಚ್ಚಿನ ಕೀಗಳಿಗೆ ಎರಡೆರಡು ಅಕ್ಷರ ಬೇಕು. ಅಷ್ಟು ಸಣ್ಣದನ್ನು ರೇಡಿಯಂನಲ್ಲಿ ಬಿಡಿಸಲಾಗದು. ಅಕ್ಷರವೇ ಇಲ್ಲದ ಬಿಳಿ ಪಿಬಿಟಿ ಸೆಟ್ ತರಿಸಿ, ಪಾರದರ್ಶಕ ಸ್ಟಿಕ್ಕರ್ ಹಾಳೆಯಲ್ಲಿ ಮುದ್ರಿಸಿ ಅದೇ ಇಳಿಜಾರಿಗೆ ಅಂಟಿಸುವ ಯೋಚನೆ ಇದೆ. ಹಾಳೆಯ ವಿನ್ಯಾಸ ಶುರು ಮಾಡಿದ್ದೇನೆ.