ಊರಲ್ಲಿ ಮನಸ್ಸಿನ ಕಾಯಿಲೆಯ ಮಾತು ಶುರು ಮಾಡುವುದು ಹೇಗೆ?

ಅಕ್ಟೋಬರ್ 10, ವಿಶ್ವ ಮಾನಸಿಕ ಆರೋಗ್ಯ ದಿನ ಬಂತೆಂದರೆ ಒಂದು ಜಾಥಾ, ಒಂದು ಬ್ಯಾನರ್, ಎರಡು ಭಾಷಣ. ಮರುದಿನ ಊರು ಮೊದಲಿನ ಹಾಗೇ. ಅಣ್ಣನ ಕಾಯಿಲೆ ಗೊತ್ತಾದರೆ ತಂಗಿಗೆ ಗಂಡು ಸಿಗಲ್ಲ ಎಂದು ಹೆದರಿದ ಮನೆಯವರು ಜಾಥಾ ನೋಡಿ ಬಾಯಿ ಬಿಡುವುದಿಲ್ಲ, ಅಲ್ವಾ? ಬೇರೆ ದಾರಿ ಹಿಡಿಯಬೇಕು.

ಮೊದಲು, ಚಿಕಿತ್ಸೆ ಎಲ್ಲಿ ಸಿಗುತ್ತದೆ ಎಂದು ತಿಳಿದುಕೊಳ್ಳಿ. 'ಎಲ್ಲಿಗೆ ಹೋಗ್ಬೇಕು?' ಎಂದು ಯಾರಾದರೂ ಕೇಳಿದಾಗ ತಡವರಿಸಬಾರದು. ರಾಜ್ಯ ಸರ್ಕಾರದ ಮನೋಚೈತನ್ಯ ಯೋಜನೆಯಲ್ಲಿ ಮನೋವೈದ್ಯರು ಮಂಗಳವಾರ ತಾಲ್ಲೂಕು ಆಸ್ಪತ್ರೆಗಳಿಗೆ ಬರುತ್ತಾರೆ. ನಿಮ್ಮ ತಾಲ್ಲೂಕಿಗೆ ಯಾವ ಮಂಗಳವಾರ ಎಂದು ವಿಚಾರಿಸಿಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ ಸಂಖ್ಯೆ 14416. ದಿನವಿಡೀ ಉಚಿತ, ಕನ್ನಡದಲ್ಲೇ ಮಾತಾಡಬಹುದು.

ಆಮೇಲೆ ಜಾಗ. 'ಮಾನಸಿಕ ಆರೋಗ್ಯ ಸಭೆ' ಎಂದು ಬೋರ್ಡ್ ಹಾಕಿದರೆ ಬೇಕಾದವರೇ ಬರುವುದಿಲ್ಲ. ಸ್ವಸಹಾಯ ಸಂಘದ ವಾರದ ಸಭೆಗೆ, ಅಂಗನವಾಡಿಗೆ ನೀವೇ ಹೋಗಿ. ಆಶಾ ಕಾರ್ಯಕರ್ತೆ ಜೊತೆಗಿರಲಿ, ಯಾವ ಮನೆಯಲ್ಲಿ ಏನಿದೆ ಎಂಬುದು ಅವರಿಗೆ ಗೊತ್ತಿರುತ್ತದೆ. ನಿದ್ದೆ ಬಾರದಿರುವುದು, ಊಟ ಸೇರದಿರುವುದು, ಕುಡಿತ, ಇಂಥದ್ದರಿಂದ ಮಾತು ತೆಗೆಯಿರಿ. ಕಾಯಿಲೆಗಳ ಹೆಸರು ನಿಧಾನಕ್ಕೆ ಬರಲಿ.

ಯಾರು ಮಾತಾಡುತ್ತಾರೆ ಎನ್ನುವುದೇ ಎಲ್ಲಕ್ಕಿಂತ ಮುಖ್ಯ. ನನ್ನ ಪ್ರಕಾರ ಡಾಕ್ಟರ ಅರ್ಧ ಗಂಟೆಯ ಭಾಷಣಕ್ಕಿಂತ, ಚಿಕಿತ್ಸೆ ಪಡೆದು ಈಗ ಹೊಲಕ್ಕೋ ಅಂಗಡಿಗೋ ಹೋಗುತ್ತಿರುವವರ ಹತ್ತು ನಿಮಿಷದ ಮಾತು ಜಾಸ್ತಿ ಕೆಲಸ ಮಾಡುತ್ತದೆ. ಕಾಯಿಲೆ ಬಂದು ಸುಧಾರಿಸಿಕೊಂಡವರನ್ನು ಎದುರಿಗೆ ಕಂಡು ಮಾತಾಡಿಸಿದರೆ ಹೆದರಿಕೆ ಇಳಿಯುತ್ತದೆ ಎಂದು ಅಧ್ಯಯನಗಳೂ ಹೇಳುತ್ತವೆ. ಆದರೆ ಒತ್ತಾಯ ಮಾಡಬೇಡಿ. ಅವರ ಮನೆಯವರನ್ನೂ ಕೇಳಿ. ಏನು ಹೇಳುತ್ತಾರೆ, ಏನು ಹೇಳುವುದಿಲ್ಲ ಎಂದು ಮೊದಲೇ ಕೂತು ತೀರ್ಮಾನಿಸಿ. ಸ್ವಂತ ಊರಲ್ಲಿ ಕಷ್ಟ ಎನಿಸಿದರೆ ಪಕ್ಕದ ಊರಿನವರನ್ನು ಕರೆಯಿರಿ. ಫೋಟೊ, ವಿಡಿಯೊ ಬೇಡವೇ ಬೇಡ. ಡಾಕ್ಟರು ಕೊನೆಗೆ ಪ್ರಶ್ನೆಗಳಿಗೆ ಉತ್ತರಿಸಲಿ, ಸಾಕು.

ಇದೆಲ್ಲ ಹಳ್ಳಿಯಲ್ಲಿ ಆಗುವ ಮಾತಲ್ಲ ಎನ್ನುವವರಿಗೆ ಬಳ್ಳಾರಿಯ ವಿಷಯ ಹೇಳಿ. 1980ರ ದಶಕದಲ್ಲಿ ನಿಮ್ಹಾನ್ಸ್ ಅಲ್ಲಿನ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಸಿಬ್ಬಂದಿಗೂ ತರಬೇತಿ ಕೊಟ್ಟಿತು. 1996ರಲ್ಲಿ ಶುರುವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿ.

ದೇವರು, ದರ್ಗಾ, ಹರಕೆ ಎಂದವರನ್ನು ಗೇಲಿ ಮಾಡಬೇಡಿ. ಮರುದಿನದಿಂದ ಅವರು ನಿಮ್ಮ ಹತ್ತಿರ ಬರುವುದೇ ಇಲ್ಲ. ಹರಕೆಯೂ ಇರಲಿ, ಮಾತ್ರೆಯೂ ಇರಲಿ ಎನ್ನಿ. ಗುಜರಾತಿನ ಉನಾವಾ ದರ್ಗಾದಲ್ಲಿ ಪ್ರಾರ್ಥನೆಯ ಜೊತೆಗೇ ವೈದ್ಯರ ಚಿಕಿತ್ಸೆಯೂ ನಡೆದಿದೆ. ಕಾಯಿಲೆಯವರನ್ನು ಸರಪಳಿಯಲ್ಲಿ ಕಟ್ಟಿಹಾಕುವ ವಿಷಯದಲ್ಲಿ ಮಾತ್ರ ರಾಜಿ ಬೇಡ. 2001ರಲ್ಲಿ ತಮಿಳುನಾಡಿನ ಏರ್ವಾಡಿಯಲ್ಲಿ, ದರ್ಗಾ ಹತ್ತಿರ ಮನೋರೋಗಿಗಳನ್ನು ಇಟ್ಟುಕೊಂಡಿದ್ದ ಆಶ್ರಮಕ್ಕೆ ಬೆಂಕಿ ಬಿದ್ದಾಗ ಸರಪಳಿಯಲ್ಲಿದ್ದವರು ಓಡಲಾಗದೆ ಸತ್ತರು, ಒಟ್ಟು 28 ಜನ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಸರಪಳಿ ಹಾಕುವುದನ್ನು ನಿಷೇಧಿಸಿದೆ.

ಸಭೆ ಮುಗಿದ ಮೇಲೆ ಯಾರಾದರೂ ಪಕ್ಕಕ್ಕೆ ಬಂದು ಮಾತಾಡಿದರೆ ಹೆಸರು ವಾಟ್ಸ್‌ಆ್ಯಪ್ ಗುಂಪಿಗೆ ಹೋಗಬಾರದು. ಬೇಕೆಂದರೆ ಮೊದಲ ಸಲ, ಮನೋವೈದ್ಯರು ಬರುವ ಮಂಗಳವಾರ, ಆಸ್ಪತ್ರೆಗೆ ಜೊತೆಗೇ ಹೋಗಿ. ಸಾಯಬೇಕು ಅನ್ನಿಸ್ತಿದೆ ಎಂದವರನ್ನು ಒಬ್ಬರನ್ನೇ ಬಿಡಬೇಡಿ. 14416ಕ್ಕೆ ಫೋನ್ ಮಾಡಿ, ತುರ್ತು ಎನಿಸಿದರೆ 108 ಕರೆದು ಆಸ್ಪತ್ರೆಗೆ ಕರೆದೊಯ್ಯಿರಿ. ಆತ್ಮಹತ್ಯೆಗೆ ಯತ್ನಿಸಿದರೆ ಪೊಲೀಸ್ ಕೇಸ್ ಆಗುತ್ತದೆ ಎಂದು ಹೆದರಿ ಎಷ್ಟೋ ಮನೆಯವರು ಮುಚ್ಚಿಡುತ್ತಾರೆ. ಅಂಥವರು ತೀವ್ರ ಒತ್ತಡದಲ್ಲಿದ್ದರು ಎಂದೇ 2017ರ ಅದೇ ಕಾಯ್ದೆ ಭಾವಿಸುತ್ತದೆ, ಶಿಕ್ಷೆಯ ಬದಲು ಆರೈಕೆ ಕೊಡಿ ಎನ್ನುತ್ತದೆ. ಇದನ್ನು ಪ್ರತಿ ಸಭೆಯಲ್ಲೂ ಹೇಳಿ.